ದೂರನಕ್ಷೆಯ ಲೆಕ್ಕ: ಅಂಕೀಯ ಚಿತ್ರಗಳಲ್ಲಿ ವೇಗ ಮತ್ತು ನಿಖರತೆಯ ನಾಲ್ಕು ದಶಕಗಳು

ಪ್ರವೇಶ

ಕಪ್ಪು ಮತ್ತು ಬಿಳಿ ಎಂಬ ಎರಡೇ ಬಣ್ಣಗಳಿರುವ ಒಂದು ಅಂಕೀಯ ಚಿತ್ರವನ್ನು ತೆಗೆದುಕೊಳ್ಳೋಣ. ಅದರಲ್ಲಿರುವ ಪ್ರತಿಯೊಂದು ಬಿಳಿಯ ಚಿತ್ರಕಣದಿಂದ ಅತ್ಯಂತ ಸಮೀಪದ ಕಪ್ಪು ಚಿತ್ರಕಣಕ್ಕೆ ಎಷ್ಟು ದೂರವಿದೆಯೆಂದು ಅಳೆದು, ಆ ಸಂಖ್ಯೆಯನ್ನು ಬಿಳಿಯ ಕಣದ ಸ್ಥಾನದಲ್ಲಿಯೇ ಬರೆದಿಡುತ್ತ ಹೋದರೆ ದೊರೆಯುವ ಸಂಖ್ಯೆಗಳ ಪಟವೇ ದೂರನಕ್ಷೆ. ಕಪ್ಪು ಬಿಳುಪುಗಳನ್ನು ಅದಲು ಬದಲು ಮಾಡಿ, ಆಕೃತಿಯ ಒಳಗಿನ ಪ್ರತಿ ಬಿಂದುವೂ ಅದರ ಅಂಚಿನಿಂದ ಎಷ್ಟು ಒಳಗಿದೆಯೆಂದೂ ಅಳೆಯಬಹುದು. ಆಕೃತಿಯ ದಪ್ಪವನ್ನು ಕಂಡುಹಿಡಿಯಲು, ಅಕ್ಷರದ ನಡುರೇಖೆಯನ್ನು ಎಳೆಯಲು, ಒಂದಕ್ಕೊಂದು ಅಂಟಿಕೊಂಡ ಜೀವಕೋಶಗಳನ್ನು ಬೇರ್ಪಡಿಸಲು, ಯಂತ್ರಮಾನವನಿಗೆ ಗೋಡೆ ತಗುಲದ ದಾರಿಯನ್ನು ಗೊತ್ತುಮಾಡಲು ಈ ನಕ್ಷೆಯೇ ಮೊದಲ ಮೆಟ್ಟಿಲಾಗಿದೆ.

ವ್ಯಾಖ್ಯೆ ಸರಳವಾದರೂ ಲೆಕ್ಕ ಸರಳವಲ್ಲ. ಸಾವಿರ ಅಡ್ಡಸಾಲು, ಸಾವಿರ ಕಂಬಸಾಲುಗಳುಳ್ಳ ಚಿತ್ರದಲ್ಲಿ 10 ಲಕ್ಷ ಚಿತ್ರಕಣಗಳಿರುತ್ತವೆ. ಅವುಗಳಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ ಎಂದುಕೊಂಡರೆ, ಪ್ರತಿ ಬಿಳಿಯ ಕಣವನ್ನೂ ಪ್ರತಿ ಕಪ್ಪು ಕಣದೊಂದಿಗೆ ಹೋಲಿಸಲು 25,000 ಕೋಟಿ ಹೋಲಿಕೆಗಳು ಬೇಕು. ಈ ಭಾರವನ್ನು ತಗ್ಗಿಸಲು ವಿಜ್ಞಾನಿಗಳು 1966ರಿಂದ ನಡೆಸಿದ ಪ್ರಯತ್ನಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ವೇಗ ಬೇಕಾದರೆ ನಿಖರತೆಯನ್ನು ಬಿಟ್ಟುಕೊಡಬೇಕೆಂಬ ನಂಬಿಕೆ ಈ ಕ್ಷೇತ್ರದಲ್ಲಿ ಸುಮಾರು ಮೂರು ದಶಕಗಳ ಕಾಲ ಬೇರೂರಿತ್ತು. ಆ ನಂಬಿಕೆ ಮುರಿದುಬಿದ್ದದ್ದು ಹೆಚ್ಚು ವೇಗದ ಯಂತ್ರಗಳು ಬಂದದ್ದರಿಂದಲ್ಲ, ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕೇಳಿದ್ದರಿಂದ ಎಂಬುದನ್ನು ತೋರಿಸುವುದು ಈ ಬರೆಹದ ಉದ್ದೇಶ.

ಹಿನ್ನೆಲೆ

ಅಂಕೀಯ ಚಿತ್ರದ ಚರಿತ್ರೆ 1957ರಲ್ಲಿ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಸಂಗಡಿಗರು ಕಿರ್ಶ್ ಅವರ ಎಳೆಯ ಮಗನ ಛಾಯಾಚಿತ್ರವೊಂದನ್ನು ಗಣಕಯಂತ್ರಕ್ಕೆ ಊಡಿಸಿದರು. ಅದರಲ್ಲಿ 176 ಅಡ್ಡಸಾಲುಗಳೂ 176 ಕಂಬಸಾಲುಗಳೂ ಇದ್ದವು. ಅಂದರೆ ಒಟ್ಟು 30,976 ಚಿತ್ರಕಣಗಳು. ಇಷ್ಟು ಚಿಕ್ಕ ಚಿತ್ರವನ್ನು ನಿಭಾಯಿಸುವುದೂ ಅಂದಿನ ಯಂತ್ರಗಳಿಗೆ ಶ್ರಮದ ಕೆಲಸವಾಗಿತ್ತು.

ಚಿತ್ರವೆಂಬುದು ಎಲ್ಲ ಕಡೆಯೂ ಒಮ್ಮೆಗೇ ಇರುವ ವಸ್ತು. ಆದ್ದರಿಂದ ಅದರ ಎಲ್ಲ ಕಣಗಳ ಮೇಲೂ ಏಕಕಾಲದಲ್ಲಿ ಕೆಲಸ ಮಾಡುವ ಯಂತ್ರವೇ ಅದಕ್ಕೆ ಸಹಜವೆಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು. ಪ್ರತಿ ಕಣಕ್ಕೂ ಒಂದೊಂದು ಪುಟ್ಟ ಲೆಕ್ಕಿಗನನ್ನು ಕೂರಿಸುವಂತಹ ಯಂತ್ರದ ವಿನ್ಯಾಸವನ್ನು ಎಸ್. ಎಚ್. ಅಂಗರ್ 1958ರಲ್ಲಿಯೇ ಪ್ರಕಟಿಸಿದ್ದರು. ಆದರೆ ಸಂಶೋಧಕರ ಕೈಗೆ ಸಿಗುತ್ತಿದ್ದದ್ದು ಒಂದಾದಮೇಲೊಂದರಂತೆ ಆಜ್ಞೆಗಳನ್ನು ಪಾಲಿಸುವ ಸಾಮಾನ್ಯ ಗಣಕಯಂತ್ರ ಮಾತ್ರ.

ಇದೇ ಕಾಲದಲ್ಲಿ ಹ್ಯಾರಿ ಬ್ಲಮ್ ಆಕೃತಿಗಳ ಅಧ್ಯಯನಕ್ಕೆ ಹೊಸ ದೃಷ್ಟಿಯೊಂದನ್ನು ಕೊಟ್ಟರು. 1967ರಲ್ಲಿ ಅಚ್ಚಾದ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ಆಕೃತಿಯನ್ನು ಒಣಹುಲ್ಲಿನ ಬಯಲಿಗೆ ಹೋಲಿಸಿದರು. ಬಯಲಿನ ಅಂಚಿಗೆಲ್ಲ ಏಕಕಾಲದಲ್ಲಿ ಬೆಂಕಿಯಿಟ್ಟರೆ ಜ್ವಾಲೆಗಳು ಒಂದೇ ವೇಗದಲ್ಲಿ ಒಳಸರಿಯುತ್ತ ಎಲ್ಲಿ ಒಂದನ್ನೊಂದು ಸಂಧಿಸಿ ಆರುತ್ತವೆಯೋ ಆ ಸ್ಥಾನಗಳೇ ಆಕೃತಿಯ ಮಧ್ಯಾಕ್ಷ. ಬೆಂಕಿ ಒಂದು ಬಿಂದುವನ್ನು ತಲುಪುವ ಕಾಲವೇ ಅಂಚಿನಿಂದ ಅದರ ದೂರವಾದುದರಿಂದ, ದೂರನಕ್ಷೆ ಎಂದರೆ ಈ ಬೆಂಕಿಯ ವೇಳಾಪಟ್ಟಿ ಎನ್ನಬಹುದು.

1966: ಎರಡು ಸುತ್ತಿನ ವಿಧಾನ

ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಅಜ್ರಿಯಲ್ ರೋಸೆನ್‌ಫೆಲ್ಡ್ ಮತ್ತು ಜಾನ್ ಫಾಲ್ಟ್ಸ್ 1966ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಅಡಿಗಲ್ಲು. ಚಿತ್ರದ ಮೇಲಿನ ಕೆಲಸವನ್ನು ಏಕಕಾಲಿಕವಾಗಿ ಮಾಡುವುದು ಮೇಲೋ ಅನುಕ್ರಮವಾಗಿ ಮಾಡುವುದು ಮೇಲೋ ಎಂಬ ಪ್ರಶ್ನೆಯನ್ನು ಅವರು ನೇರವಾಗಿ ಕೈಗೆತ್ತಿಕೊಂಡರು. ಅನುಕ್ರಮ ವಿಧಾನದ ಶಕ್ತಿಗೆ ದೂರದ ಲೆಕ್ಕವನ್ನು ಒಂದು ನಿದರ್ಶನವಾಗಿ ಕೊಟ್ಟರು.

ವಿಧಾನ ಹೀಗಿದೆ. ಕಪ್ಪು ಕಣಗಳಿಗೆಲ್ಲ ಸೊನ್ನೆಯನ್ನೂ ಉಳಿದವುಗಳಿಗೆ ತುಂಬ ದೊಡ್ಡ ಸಂಖ್ಯೆಯೊಂದನ್ನೂ ಮೊದಲು ಬರೆದಿಡಬೇಕು. ಅನಂತರ ಪುಟವನ್ನು ಓದುವ ಕ್ರಮದಲ್ಲಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುತ್ತ, ಪ್ರತಿ ಕಣದ ಎಡನೆರೆ ಮತ್ತು ಮೇಲ್ನೆರೆಗಳಲ್ಲಿ ಚಿಕ್ಕದಾದ ಸಂಖ್ಯೆಗೆ ಒಂದನ್ನು ಕೂಡಿಸಬೇಕು. ಬಂದ ಮೊತ್ತ ಕಣದಲ್ಲಿರುವ ಸಂಖ್ಯೆಗಿಂತ ಕಡಿಮೆಯಾದರೆ ಅದನ್ನೇ ಅಲ್ಲಿ ಬರೆಯಬೇಕು. ಎರಡನೆಯ ಸುತ್ತಿನಲ್ಲಿ ಕೊನೆಯ ಕಣದಿಂದ ಹಿಮ್ಮುಖವಾಗಿ ಹೊರಟು ಬಲನೆರೆ ಮತ್ತು ಕೆಳನೆರೆಗಳನ್ನು ಅದೇ ರೀತಿ ವಿಚಾರಿಸಬೇಕು. ಇಷ್ಟಕ್ಕೆ ನಕ್ಷೆ ಮುಗಿಯಿತು. ಬೆಂಕಿ ಎಷ್ಟೇ ದೂರ ಹರಡಬೇಕಾಗಿದ್ದರೂ ಪ್ರತಿ ಕಣವನ್ನು ಎರಡೇ ಬಾರಿ ಮುಟ್ಟಿದರೆ ಸಾಕು. ಹತ್ತು ಲಕ್ಷ ಕಣಗಳ ಚಿತ್ರಕ್ಕೆ 25,000 ಕೋಟಿ ಹೋಲಿಕೆಗಳ ಬದಲು 20 ಲಕ್ಷ ಭೇಟಿಗಳು.

ಈ ಜಯಕ್ಕೆ ತೆತ್ತ ಬೆಲೆ ಏನು? ಅಡ್ಡಕ್ಕೂ ಉದ್ದಕ್ಕೂ ಮಾತ್ರ ಹೆಜ್ಜೆಯಿಡಬಹುದೆಂಬ ನಿಯಮದಿಂದ ಅಳೆದ ದೂರ, ಚೌಕಾಕಾರದ ಬೀದಿಗಳುಳ್ಳ ಊರಿನಲ್ಲಿ ನಡೆದು ಹೋಗುವವನ ದೂರವೇ ಹೊರತು ಹಕ್ಕಿ ಹಾರುವ ದೂರವಲ್ಲ. ಕರ್ಣದ ದಿಕ್ಕಿನಲ್ಲಿ ಅದು ನಿಜವಾದ ದೂರಕ್ಕಿಂತ ಸುಮಾರು 41% ಹೆಚ್ಚು ತೋರಿಸುತ್ತದೆ. ಚದುರಂಗದ ರಾಜನಂತೆ ಕರ್ಣದ ಹೆಜ್ಜೆಯನ್ನೂ ಒಂದೆಂದೇ ಎಣಿಸಿದರೆ ಅದೇ ದಿಕ್ಕಿನಲ್ಲಿ ಸುಮಾರು 29% ಕಡಿಮೆ ತೋರಿಸುತ್ತದೆ. ಇದನ್ನು ಮನಗಂಡಿದ್ದ ರೋಸೆನ್‌ಫೆಲ್ಡ್ ಮತ್ತು ಫಾಲ್ಟ್ಸ್ 1968ರ ಲೇಖನದಲ್ಲಿ ಎರಡು ಬಗೆಯ ಹೆಜ್ಜೆಗಳನ್ನು ಸರದಿಯಂತೆ ಬಳಸಿ ಅಷ್ಟಭುಜಾಕಾರದ ದೂರವನ್ನು ರೂಪಿಸಿದರು. ಅದೇ ವರ್ಷ ಉಗೊ ಮೊಂಟನಾರಿ ಯೂಕ್ಲಿಡನ ದೂರಕ್ಕೆ ಇನ್ನಷ್ಟು ಹತ್ತಿರವಾದ ಅಳತೆಯೊಂದನ್ನು ಸೂಚಿಸಿದರು.

ಈ ದೋಷ ಕೇವಲ ಗಣಿತಜ್ಞರ ಚಿಂತೆಯಲ್ಲ. ಒಂದು ಬಿಂದುವಿನಿಂದ ನೇರ ಬಲಕ್ಕೆ 13 ಕಣಗಳಾಚೆ ಇರುವ ಬಿಂದುವೂ, ಬಲಕ್ಕೆ 12 ಮತ್ತು ಕೆಳಕ್ಕೆ 5 ಕಣಗಳಾಚೆ ಇರುವ ಬಿಂದುವೂ ನಿಜದಲ್ಲಿ ಸಮದೂರದಲ್ಲಿವೆ. ಬೀದಿಯ ಅಳತೆಯಲ್ಲಿ ಮೊದಲನೆಯದು 13, ಎರಡನೆಯದು 17. ಅಂದರೆ ಅದೇ ವಸ್ತುವನ್ನು ಸ್ವಲ್ಪ ತಿರುಗಿಸಿಟ್ಟು ಚಿತ್ರ ತೆಗೆದರೆ ಅದರ ದಪ್ಪವೇ ಬದಲಾದಂತೆ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗಿನ ಜೀವಕೋಶಗಳು ಅಳೆಯುವವನ ಅನುಕೂಲಕ್ಕೆ ತಕ್ಕಂತೆ ದಿಕ್ಕು ನೋಡಿ ಮಲಗಿರುವುದಿಲ್ಲ.

ಲಿಂಚೋಪಿಂಗ್ ನಗರದ ಎರಡು ಮಾರ್ಗಗಳು

1980ರ ದಶಕದಲ್ಲಿ ಈ ಸಮಸ್ಯೆಗೆ ಎರಡು ಭಿನ್ನ ಉತ್ತರಗಳು ಸ್ವೀಡನ್ನಿನ ಲಿಂಚೋಪಿಂಗ್ ಎಂಬ ಒಂದೇ ನಗರದಿಂದ ಹೊರಟವು. ಅಲ್ಲಿನ ವಿಶ್ವವಿದ್ಯಾನಿಲಯದ ಪೆರ್-ಎರಿಕ್ ಡೇನಿಯಲ್ಸನ್ 1980ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಕಣವೂ ದೂರವೆಂಬ ಒಂದು ಸಂಖ್ಯೆಯ ಬದಲು ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುತ್ತದೆ: ಸಮೀಪದ ಕಪ್ಪು ಕಣ ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ. ನೆರೆಯಿಂದ ನೆರೆಗೆ ಈ ಜೋಡಿಯೇ ದಾಟುತ್ತದೆ. ವರ್ಗಗಳನ್ನು ಕೂಡಿ ಮೂಲ ತೆಗೆದರೆ ಯೂಕ್ಲಿಡನ ದೂರವೇ ದೊರೆಯುತ್ತದೆ. ಫಲಿತಾಂಶ ಬಹುತೇಕ ನಿಖರ. ಈ ‘ಬಹುತೇಕ’ ಎಂಬ ಮಾತಿನ ಅರ್ಥವನ್ನು ಮುಂದೆ ವಿವೇಚಿಸಲಾಗುವುದು.

ಅದೇ ನಗರದ ರಾಷ್ಟ್ರೀಯ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಗುನಿಲ್ಲಾ ಬೊರ್ಗೆಫೊರ್ಸ್ ಇನ್ನೊಂದು ದಾರಿ ಹಿಡಿದರು. 1984 ಮತ್ತು 1986ರ ಲೇಖನಗಳಲ್ಲಿ ಅವರು ರೋಸೆನ್‌ಫೆಲ್ಡ್ ಅವರ ಎರಡು ಸುತ್ತುಗಳನ್ನು ಹಾಗೆಯೇ ಉಳಿಸಿಕೊಂಡು ಹೆಜ್ಜೆಗಳ ತೂಕವನ್ನು ಮಾತ್ರ ಬದಲಿಸಿದರು. ನೇರ ಹೆಜ್ಜೆಗೆ 3, ಕರ್ಣದ ಹೆಜ್ಜೆಗೆ 4 ಎಂದು ಎಣಿಸಿ ಕೊನೆಯಲ್ಲಿ 3ರಿಂದ ಭಾಗಿಸಿದರೆ ತಪ್ಪು ಯಾವ ದಿಕ್ಕಿನಲ್ಲೂ 6% ಮೀರುವುದಿಲ್ಲ. ಚದುರಂಗದ ಕುದುರೆಯ ನಡೆಯನ್ನೂ ಸೇರಿಸಿಕೊಂಡು 5, 7, 11 ಎಂಬ ತೂಕಗಳನ್ನು ಕೊಟ್ಟು 5ರಿಂದ ಭಾಗಿಸಿದರೆ ತಪ್ಪು 2% ಒಳಗೇ ಉಳಿಯುತ್ತದೆ. ಮೇಲೆ ಹೇಳಿದ 12 ಮತ್ತು 5ರ ಉದಾಹರಣೆಯಲ್ಲಿ ಮೊದಲನೆಯ ತೂಕಗಳು 41ನ್ನು, ಅಂದರೆ ಸುಮಾರು 13.67 ದೂರವನ್ನು ಕೊಡುತ್ತವೆ. ಎರಡನೆಯವು 65ನ್ನು, ಅಂದರೆ ಸರಿಯಾಗಿ 13ನ್ನೇ ಕೊಡುತ್ತವೆ. ಎಲ್ಲ ಬಿಂದುಗಳಲ್ಲೂ ಇಂತಹ ಹೊಂದಾಣಿಕೆ ನಿರೀಕ್ಷಿಸಲಾಗದು. ಮರಗೆಲಸದವರು ಹಲಗೆಯ ಚೂಪು ಅಂಚನ್ನು ಓರೆಯಾಗಿ ತರಿಯುವುದಕ್ಕಿರುವ ‘ಚ್ಯಾಂಫರ್’ ಎಂಬ ಪದವೇ ಈ ಅಳತೆಯ ಹೆಸರಾಗಿ ನಿಂತಿದೆ.

ಬೊರ್ಗೆಫೊರ್ಸ್ ಅವರ ಆಯ್ಕೆಯನ್ನು ಅಂದಿನ ಸಂದರ್ಭದಲ್ಲಿಟ್ಟು ನೋಡಬೇಕು. ಕೇವಲ ಪೂರ್ಣಾಂಕಗಳು, ಕೇವಲ ಸಂಕಲನ ಮತ್ತು ಹೋಲಿಕೆ, ಕಣವೊಂದಕ್ಕೆ ಒಂದೇ ಸಂಖ್ಯೆಯಷ್ಟು ಸ್ಮೃತಿ. ಅಂದಿನ ಯಂತ್ರಗಳಿಗೆ ಇವೆಲ್ಲ ದೊಡ್ಡ ಅನುಕೂಲಗಳು. ಮೇಲಾಗಿ ನಕ್ಷೆಯ ಬಳಕೆಯೂ ಬೇರೆಯಾಗಿತ್ತು. ಹ್ಯಾರಿ ಬ್ಯಾರೊ ಮತ್ತು ಸಂಗಡಿಗರು 1977ರಲ್ಲಿಯೇ ಚಿತ್ರವನ್ನು ನಕಾಶೆಯೊಂದಿಗೆ ಹೊಂದಿಸಲು ಇಂತಹ ದೂರವನ್ನು ಬಳಸಿದ್ದರು. ಹುಡುಕುತ್ತಿರುವ ಆಕೃತಿಯ ಬಾಹ್ಯರೇಖೆಯನ್ನು ದೂರನಕ್ಷೆಯ ಮೇಲಿಟ್ಟು, ರೇಖೆಯ ಕೆಳಗೆ ಸಿಗುವ ಸಂಖ್ಯೆಗಳನ್ನು ಕೂಡಿಸಿದರೆ ಸಾಕು. ಮೊತ್ತ ಚಿಕ್ಕದಾದಷ್ಟೂ ಹೊಂದಿಕೆ ಒಳ್ಳೆಯದು. ಒಮ್ಮೆ ಸಿದ್ಧಪಡಿಸಿದ ನಕ್ಷೆಯ ಮೇಲೆ ಸಾವಿರಾರು ಬಾರಿ ಆಕೃತಿಯನ್ನು ಸರಿಸಿ ನೋಡಬಹುದು. ಈ ತತ್ತ್ವವನ್ನೇ ಬೊರ್ಗೆಫೊರ್ಸ್ 1988ರಲ್ಲಿ ಹಂತಹಂತವಾಗಿ ಹೊಂದಿಸುವ ವಿಧಾನವಾಗಿ ಬೆಳೆಸಿದರು. 1990ರ ದಶಕದ ಕೊನೆಯಲ್ಲಿ ಚಲಿಸುವ ವಾಹನದಿಂದ ಪಾದಚಾರಿಗಳನ್ನು ಗುರುತಿಸಲು ಡೇರಿಯು ಗವ್ರಿಲ ರೂಪಿಸಿದ ವ್ಯವಸ್ಥೆಯೂ ಇದರ ಮೇಲೆಯೇ ನಿಂತಿತ್ತು. ಅಂತಹ ಕೆಲಸದಲ್ಲಿ ಉತ್ತರ ಕ್ಷಣಾರ್ಧದಲ್ಲಿ ಬರಬೇಕು. ಶೇಕಡಾವಾರು ಸಣ್ಣ ವ್ಯತ್ಯಾಸದಿಂದ ಬಾಧೆಯಿಲ್ಲ.

ಖರಗ್‌ಪುರದ ಕೊಡುಗೆ

ಚೌಕಗಳ ಜಾಲದಲ್ಲಿ ದೂರವೆಂದರೇನು ಎಂಬ ತಾತ್ತ್ವಿಕ ಪ್ರಶ್ನೆಗೆ ಭಾರತದಿಂದ ಮಹತ್ವದ ಉತ್ತರಗಳು ಬಂದವು. ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪಿ. ಪಿ. ದಾಸ್, ಪಿ. ಪಿ. ಚಕ್ರಬರ್ತಿ ಮತ್ತು ಬಿ. ಎನ್. ಚಟರ್ಜಿ 1987ರಿಂದ ಪ್ರಕಟಿಸಿದ ಲೇಖನಗಳಲ್ಲಿ ಹೆಜ್ಜೆಯ ನಿಯಮಗಳನ್ನು ಬೇರೆ ಬೇರೆ ಸರದಿಗಳಲ್ಲಿ ಬಳಸಿದಾಗ ಯಾವ ಸರದಿಗಳು ನಿಜವಾದ ದೂರದ ಗುಣಗಳನ್ನು ಉಳಿಸಿಕೊಳ್ಳುತ್ತವೆ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ಎರಡು ಊರುಗಳ ನಡುವಿನ ನೇರದಾರಿ ಮೂರನೆಯ ಊರನ್ನು ಬಳಸಿಕೊಂಡು ಹೋಗುವ ದಾರಿಗಿಂತ ಉದ್ದವಾಗಿರಬಾರದೆಂಬುದು ಆ ಗುಣಗಳಲ್ಲಿ ಮುಖ್ಯವಾದುದು. ಮನಬಂದಂತೆ ಹೆಣೆದ ಸರದಿಗಳೆಲ್ಲ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಚದುರಂಗದ ಕುದುರೆಯ ನಡೆಯಿಂದ ಅಳೆಯುವ ದೂರವನ್ನು ಕುರಿತು ದಾಸ್ ಮತ್ತು ಚಟರ್ಜಿ 1988ರಲ್ಲಿ ಬರೆದ ಲೇಖನವೂ ಇದೇ ಪರಂಪರೆಗೆ ಸೇರಿದ್ದು. ಅಂದಾಜು ಅಳತೆಗಳು ಕೇವಲ ಕೈಗಣಕದ ಉಪಾಯಗಳಲ್ಲ, ತಮ್ಮದೇ ಆದ ಜ್ಯಾಮಿತಿಯುಳ್ಳವು ಎಂಬುದು ಇಂತಹ ಅಧ್ಯಯನಗಳಿಂದ ಸ್ಪಷ್ಟವಾಯಿತು.

ನೆರೆಯವರ ಮಾತಿನ ಮಿತಿ

ಇಷ್ಟು ಹೊತ್ತು ಕಂಡ ವಿಧಾನಗಳಿಗೆಲ್ಲ ಸಮಾನವಾದ ಲಕ್ಷಣವೊಂದಿದೆ. ಪ್ರತಿ ಕಣವೂ ತನಗೆ ತಿಳಿಯಬೇಕಾದುದನ್ನು ನೆರೆಯವರನ್ನು ಕೇಳಿ ತಿಳಿಯುತ್ತದೆ. ಬೀದಿಯ ಅಳತೆಗೆ ಇದು ಸಾಕು. ಯೂಕ್ಲಿಡನ ದೂರಕ್ಕೆ ಸಾಲದು. ಡೇನಿಯಲ್ಸನ್ ಅವರ ವಿಧಾನದ ‘ಬಹುತೇಕ’ ಎಂಬ ಮಾತಿನ ಮೂಲ ಇಲ್ಲಿದೆ.

ಇದನ್ನು ಒಂದು ಊರಿನ ಉದಾಹರಣೆಯಿಂದ ವಿವರಿಸಬಹುದು. ಮನೆಗಳೆಲ್ಲ ಚೌಕದ ಮನೆಗಳಂತೆ ಸಾಲಾಗಿವೆ. ಊರಿನಲ್ಲಿ ಮೂರು ಬಾವಿಗಳಿವೆ. ನಮ್ಮ ಮನೆಯಿಂದ ಮೊದಲನೆಯ ಬಾವಿ ಬಲಕ್ಕೆ 3 ಮನೆಗಳಾಚೆ ಇದೆ. ಎರಡನೆಯದು ಬಲಕ್ಕೆ 2, ಕೆಳಕ್ಕೆ 2 ಮನೆಗಳಾಚೆ ಇದೆ. ಮೂರನೆಯದು ಕೆಳಕ್ಕೆ 3 ಮನೆಗಳಾಚೆ ಇದೆ. ನಮಗೆ ಹತ್ತಿರದ್ದು ನಡುವಿನ ಬಾವಿ. ಅದರ ದೂರ 8ರ ವರ್ಗಮೂಲ, ಸುಮಾರು 2.83. ಆದರೆ ಬಲಗಡೆಯ ನೆರೆಮನೆಗೆ ಮೊದಲನೆಯ ಬಾವಿ 2 ಮನೆಗಳ ದೂರದಲ್ಲಿದೆ, ನಡುವಿನದು ಸುಮಾರು 2.24 ದೂರದಲ್ಲಿದೆ, ಆದ್ದರಿಂದ ಅದು ಮೊದಲನೆಯದನ್ನೇ ಹೇಳುತ್ತದೆ. ಕೆಳಗಿನ ನೆರೆಮನೆ ಅದೇ ಕಾರಣಕ್ಕೆ ಮೂರನೆಯದನ್ನು ಹೇಳುತ್ತದೆ. ಎಡನೆರೆಗೆ ಮೂರನೆಯದೂ ಮೇಲ್ನೆರೆಗೆ ಮೊದಲನೆಯದೂ ಹತ್ತಿರ. ಹೀಗಾಗಿ ನಾಲ್ವರಲ್ಲಿ ಯಾರೂ ನಡುವಿನ ಬಾವಿಯ ಸುದ್ದಿಯೆತ್ತುವುದಿಲ್ಲ. ನಾವು ನಮ್ಮ ದೂರವನ್ನು 3 ಎಂದು ತಪ್ಪಾಗಿ ಬರೆದುಕೊಳ್ಳುತ್ತೇವೆ. ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಮಗೆ ನಿಜವಾದುದನ್ನೇ ಹೇಳಿದ್ದಾರೆ.

ಕರ್ಣದ ನೆರೆಯವರನ್ನೂ ಕೇಳಿದರೆ ಈ ಉದಾಹರಣೆಯ ತಪ್ಪು ಸರಿಹೋಗುತ್ತದೆ, ಆದರೆ ಇದೇ ಜಾತಿಯ ತಪ್ಪು ಇನ್ನಷ್ಟು ಅಪರೂಪವಾಗಿ ಬೇರೆಡೆ ತಲೆಯೆತ್ತುತ್ತದೆ. ನಿರಂತರವಾದ ಸಮತಲದಲ್ಲಿ ಪ್ರತಿ ಬಾವಿಯ ಸರಹದ್ದು ಒಂದೇ ಅಖಂಡ ಪ್ರದೇಶ. ವೊರೊನೊಯ್ ಹೆಸರಿನಿಂದ ಪ್ರಸಿದ್ಧವಾದ ಈ ವಿಭಜನೆಯನ್ನು ಚೌಕಗಳ ಜಾಲಕ್ಕೆ ಇಳಿಸಿದಾಗ ಸರಹದ್ದಿನ ಕಿರಿದಾದ ಮೂಲೆಯಲ್ಲಿ ಒಂದು ಕಣ ಉಳಿದವುಗಳಿಂದ ತುಂಡಾಗಿ ನಿಲ್ಲಬಹುದು. ಅಂತಹ ಕಣಕ್ಕೆ ನೆರೆಯವರ ಮೂಲಕ ಸುದ್ದಿ ತಲುಪುವ ಭರವಸೆಯಿಲ್ಲ. ತಪ್ಪಿನ ಗಾತ್ರ ಚಿತ್ರಕಣದ ಅಗಲದ ಸಣ್ಣ ಭಾಗ ಮಾತ್ರವಾದುದರಿಂದ ಅನೇಕರು ಅದನ್ನು ಸಹಿಸಿಕೊಂಡರು.

ಕಂಬಸಾಲು ಮತ್ತು ಅಡ್ಡಸಾಲು

1990ರ ದಶಕದಲ್ಲಿ ಹಲವು ಸಂಶೋಧಕರು ನೆರೆಯವರನ್ನು ಕೇಳುವ ಪದ್ಧತಿಯಿಂದಲೇ ಹೊರಬಂದರು. ಬ್ರೊಯ್, ಗಿಲ್, ಕಿರ್ಕ್‌ಪ್ಯಾಟ್ರಿಕ್ ಮತ್ತು ವೆರ್ಮನ್ 1995ರಲ್ಲಿ ವೊರೊನೊಯ್ ವಿಭಜನೆಯನ್ನು ಒಂದೊಂದು ಅಡ್ಡಸಾಲಿನ ಮೇಲೆ ನೇರವಾಗಿ ಕಟ್ಟುತ್ತ, ಚಿತ್ರಕಣಗಳ ಸಂಖ್ಯೆಗೆ ಅನುಪಾತವಾದ ಕಾಲದಲ್ಲಿಯೇ ಸಂಪೂರ್ಣ ನಿಖರವಾದ ನಕ್ಷೆ ಸಾಧ್ಯವೆಂದು ತೋರಿಸಿದರು. ಜಪಾನಿನ ನಗೋಯದಲ್ಲಿ ಸೈಟೊ ಮತ್ತು ತೊರಿವಾಕಿ 1994ರಲ್ಲಿ ಇನ್ನೊಂದು ಸರಳ ಮಾರ್ಗ ಹಿಡಿದಿದ್ದರು. ಯೂಕ್ಲಿಡನ ದೂರದ ವರ್ಗವೆಂದರೆ ಅಡ್ಡದೂರದ ವರ್ಗ ಮತ್ತು ಉದ್ದದೂರದ ವರ್ಗಗಳ ಮೊತ್ತ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಿಸಬಹುದು. ಎಲ್ಲ ಆಯಾಮಗಳಿಗೂ ಅನ್ವಯಿಸುವ ಈ ವಿಧಾನ ನಿಖರವಾಗಿತ್ತು; ಕೆಲವು ಚಿತ್ರಗಳಲ್ಲಿ ಮಾತ್ರ ಹುಡುಕಾಟ ದೀರ್ಘವಾಗುತ್ತಿತ್ತು. ಆ ಕೊರತೆಯನ್ನು ನಗೋಯದವರೇ ಆದ ತೊಮಿಯೊ ಹಿರಾತ 1996ರಲ್ಲಿ ನೀಗಿಸಿದರು.

ಹಿರಾತ ಅವರ ತರ್ಕವನ್ನು ಹೀಗೆ ಸಂಗ್ರಹಿಸಬಹುದು. ಮೊದಲ ಹಂತದಲ್ಲಿ ಪ್ರತಿ ಕಣಕ್ಕೂ ತನ್ನದೇ ಕಂಬಸಾಲಿನಲ್ಲಿ ಮೇಲೆ ಅಥವಾ ಕೆಳಗೆ ಸಮೀಪದ ಕಪ್ಪು ಕಣ ಎಷ್ಟು ದೂರವಿದೆಯೆಂದು ಗೊತ್ತುಮಾಡಬೇಕು. ಇದಕ್ಕೆ ಎರಡು ಓಟ ಸಾಕು. ಎರಡನೆಯ ಹಂತದಲ್ಲಿ ಅಡ್ಡಸಾಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳಬೇಕು. ಸಾಲಿನ ಪ್ರತಿ ಸ್ಥಾನದಲ್ಲೂ ಒಂದೇ ಅಚ್ಚಿನ ಬಟ್ಟಲೊಂದನ್ನು, ಅಂದರೆ ಗಣಿತದ ಪರವಲಯವೊಂದನ್ನು ಇಟ್ಟಂತೆ ಭಾವಿಸೋಣ. ಬಟ್ಟಲಿನ ತಳ ಮೊದಲ ಹಂತದಲ್ಲಿ ದೊರೆತ ದೂರದ ವರ್ಗದಷ್ಟು ಎತ್ತರದಲ್ಲಿರುತ್ತದೆ. ಆಗ ಯಾವುದೇ ಸ್ಥಾನದಲ್ಲಿ ಎಲ್ಲ ಬಟ್ಟಲುಗಳ ಗೋಡೆಗಳಲ್ಲಿ ಅತಿ ಕೆಳಗಿನದರ ಎತ್ತರವೇ ಅಲ್ಲಿನ ದೂರದ ವರ್ಗ. ಒಂದೇ ಅಚ್ಚಿನ ಎರಡು ಬಟ್ಟಲುಗಳ ಗೋಡೆಗಳು ಒಂದೇ ಕಡೆ ಸಂಧಿಸುತ್ತವೆ. ಸಂಧಿಯ ಎಡಕ್ಕೆ ಒಂದು ಕೆಳಗಿದ್ದರೆ ಬಲಕ್ಕೆ ಇನ್ನೊಂದು ಕೆಳಗಿರುತ್ತದೆ. ಆದ್ದರಿಂದ ಎಡದಿಂದ ಬಲಕ್ಕೆ ಬಟ್ಟಲುಗಳನ್ನು ಸೇರಿಸುತ್ತ ಹೋಗುವಾಗ, ಹೊಸದರಿಂದ ಪೂರ್ತಿ ಮರೆಯಾದ ಹಳೆಯದನ್ನು ತೆಗೆದುಹಾಕಬಹುದು. ಅದು ಮತ್ತೆಂದೂ ಬೇಕಾಗುವುದಿಲ್ಲ. ಪ್ರತಿ ಬಟ್ಟಲೂ ಒಮ್ಮೆ ಸೇರುತ್ತದೆ, ಹೆಚ್ಚೆಂದರೆ ಒಮ್ಮೆ ಹೊರಹೋಗುತ್ತದೆ. ಹೀಗಾಗಿ ಒಟ್ಟು ಶ್ರಮ ಚಿತ್ರಕಣಗಳ ಸಂಖ್ಯೆಯ ಕೆಲವು ಪಟ್ಟು ಮಾತ್ರ.

ಇದೇ ತಿರುಳುಳ್ಳ ವಿಧಾನವನ್ನು ನೆದರ್ಲೆಂಡ್ಸಿನ ಗ್ರೋನಿಂಗನ್ನಿನಲ್ಲಿ ಮೈಸ್ಟರ್, ರುರ್ಡಿಂಕ್ ಮತ್ತು ಹೆಸೆಲಿಂಕ್ 2000ದಲ್ಲಿ ಮಂಡಿಸಿದರು. ಬೀದಿಯ ದೂರ, ರಾಜನ ದೂರ, ಯೂಕ್ಲಿಡನ ದೂರ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಲೆಕ್ಕಿಸಬಹುದೆಂದು ತೋರಿಸಿದರು. ಫೆಲ್ಜೆನ್ಸ್‌ವಾಲ್ಬ್ ಮತ್ತು ಹಟ್ಟನ್‌ಲಾಕರ್ 2004ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವರದಿಯಾಗಿ ಬರೆದು 2012ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಬಟ್ಟಲುಗಳ ಈ ಚಿತ್ರಣವನ್ನು ಜನಪ್ರಿಯಗೊಳಿಸಿತು. ಒಂದೇ ದಶಕದ ಆಸುಪಾಸಿನಲ್ಲಿ ಜಪಾನ್, ಯೂರೋಪ್, ಅಮೆರಿಕಗಳಲ್ಲಿ ಒಂದೇ ಬಗೆಯ ಉತ್ತರ ಹೊಮ್ಮಿದ್ದು ಗಮನಾರ್ಹ. ಇಲ್ಲಿ ಬಳಸಿದ ಗಣಿತ ಹೊಸದೇನೂ ಅಲ್ಲ. ಪರವಲಯದ ಗುಣಗಳು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದವು. 1966ರ ಯಶಸ್ಸು ಎಷ್ಟು ಸುಂದರವಾಗಿತ್ತೆಂದರೆ, ದೂರವೆಂಬುದು ನೆರೆಯಿಂದ ನೆರೆಗೆ ಹರಡಲೇಬೇಕಾದ ವಸ್ತುವೆಂದು ಮುಂದಿನ ಬಹುಪಾಲು ಸಂಶೋಧಕರು ಭಾವಿಸಿದರು. ನಿಖರತೆಗೂ ವೇಗಕ್ಕೂ ಇದ್ದ ವಿರೋಧ ಆ ಭಾವನೆಯ ಫಲವೇ ಹೊರತು ಸಮಸ್ಯೆಯ ಸ್ವಭಾವವಲ್ಲ.

ಮತ್ತೆ ಏಕಕಾಲಿಕ ಯಂತ್ರ

ಚರಿತ್ರೆ ಇಲ್ಲಿಗೆ ನಿಲ್ಲಲಿಲ್ಲ. ಗಣಕಯಂತ್ರದ ಆಟಗಳಿಗಾಗಿ ಬೆಳೆದ ಚಿತ್ರ ಸಂಸ್ಕಾರಕಗಳು ಸಾವಿರಾರು ಕಣಗಳ ಮೇಲೆ ಒಮ್ಮೆಗೇ ಕೆಲಸ ಮಾಡತೊಡಗಿದಾಗ, 1958ರಲ್ಲಿ ಕಾಗದದ ಮೇಲಿದ್ದ ಕಲ್ಪನೆ ಬೇರೊಂದು ರೂಪದಲ್ಲಿ ಮೇಜಿನ ಮೇಲಕ್ಕೆ ಬಂದಿತು. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ರೊಂಗ್ ಮತ್ತು ಟ್ಯಾನ್ 2006ರಲ್ಲಿ ನೆರೆಯವರ ಬದಲು ದೂರದವರನ್ನು ಮೊದಲು ಕೇಳುವ ವಿಧಾನವನ್ನು ಪ್ರಕಟಿಸಿದರು. 512 ಕಣಗಳ ಅಗಲದ ಚಿತ್ರದಲ್ಲಿ ಮೊದಲ ಸುತ್ತಿಗೆ 256 ಕಣಗಳಾಚೆಯವರನ್ನು, ಅನಂತರ 128, 64 ಹೀಗೆ ಅರ್ಧರ್ಧವಾಗಿ ಕೊನೆಗೆ ಪಕ್ಕದವರನ್ನು ಕೇಳಿದರೆ 9 ಸುತ್ತುಗಳಲ್ಲಿ ನಕ್ಷೆ ಸಿದ್ಧ. ವೇಗ ಅಪಾರ, ಆದರೆ ಅಲ್ಲಲ್ಲಿ ಸಣ್ಣ ತಪ್ಪುಗಳು ಮರಳಿ ಬಂದವು. ಸುದ್ದಿ ಹಾರಿ ಬಂದರೂ ಅದು ಇತರರ ಬಾಯಿಂದಲೇ ಬಂದದ್ದಲ್ಲವೆ? ಅದೇ ವಿಶ್ವವಿದ್ಯಾನಿಲಯದ ತಂಡ 2010ರಲ್ಲಿ ಚಿತ್ರವನ್ನು ಪಟ್ಟಿಗಳಾಗಿ ಸೀಳಿ, ಕಂಬಸಾಲುಗಳನ್ನೂ ಅಡ್ಡಸಾಲುಗಳನ್ನೂ ಹಂತಹಂತವಾಗಿ ಸಂಸ್ಕರಿಸುವ ಮೂಲಕ ಏಕಕಾಲಿಕ ಯಂತ್ರದ ಮೇಲೂ ಸಂಪೂರ್ಣ ನಿಖರತೆಯನ್ನು ಸಾಧಿಸಿತು. ಎರಡನೆಯ ಬಾರಿಗೂ ದಾರಿ ತೋರಿದ್ದು ಸಾಲುಗಳ ವಿಭಜನೆಯೇ.

ಸಮಾರೋಪ

ಈ ಸಮೀಕ್ಷೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಯಾವುದೇ ಲೆಕ್ಕದ ದಕ್ಷತೆಯನ್ನು ಅದು ಹುಟ್ಟಿದ ಕಾಲದ ಯಂತ್ರದಿಂದ ಬೇರ್ಪಡಿಸಿ ತೂಗಲಾಗದು. ಸ್ಮೃತಿ ದುಬಾರಿಯಾಗಿದ್ದ ದಿನಗಳಲ್ಲಿ 3 ಮತ್ತು 4ರ ತೂಕಗಳು ವಿವೇಕದ ಆಯ್ಕೆಯಾಗಿದ್ದವು. ಅವನ್ನು ಇಂದಿನ ಕಣ್ಣಿನಿಂದ ಹೀಗಳೆಯುವುದು ಸಲ್ಲದು. ಎರಡನೆಯದು, ಒಂದು ಕಾಲದ ವಿವೇಕ ಮುಂದಿನ ಕಾಲಕ್ಕೆ ಬರಿಯ ರೂಢಿಯಾಗಿ ಉಳಿಯಬಹುದು. ವ್ಯಾಪಕವಾಗಿ ಬಳಕೆಯಲ್ಲಿರುವ ಓಪನ್‌ಸಿವಿ ಎಂಬ ತಂತ್ರಾಂಶ ಭಂಡಾರದಲ್ಲಿ ಬೊರ್ಗೆಫೊರ್ಸ್ ಅವರ ಅಂದಾಜು ಅಳತೆಗಳೂ ಫೆಲ್ಜೆನ್ಸ್‌ವಾಲ್ಬ್ ಅವರ ನಿಖರ ವಿಧಾನವೂ ಒಂದೇ ಆಜ್ಞೆಯ ಕೆಳಗೆ ಅಕ್ಕಪಕ್ಕದಲ್ಲಿವೆ. ಯಾವುದನ್ನು ಆರಿಸಿದರೂ ಕೈಗೆ ಬರುವುದು ಸಂಖ್ಯೆಗಳ ಒಂದು ಪಟವೇ. ಆ ಸಂಖ್ಯೆಗಳು ಯಾವ ಅಳತೆಗೋಲಿನಿಂದ ಬಂದವೆಂಬುದು ಪಟದ ಮೇಲೆ ಬರೆದಿರುವುದಿಲ್ಲ. ಆದುದರಿಂದ ದೂರನಕ್ಷೆಯನ್ನು ಆಧರಿಸಿ ಅಂಗಾಂಶದ ದಪ್ಪವನ್ನೋ ಅಕ್ಷರದ ನಡುರೇಖೆಯನ್ನೋ ವರದಿ ಮಾಡುವ ಸಂಶೋಧಕರು ತಾವು ಬಳಸಿದ ದೂರದ ವ್ಯಾಖ್ಯೆಯನ್ನೂ ವಿಧಾನವನ್ನೂ ತಪ್ಪದೆ ದಾಖಲಿಸುವುದು ಅಗತ್ಯ. ಅಂದಾಜು ಸಾಕೆಂದು ತಿಳಿದು ಅಂದಾಜನ್ನು ಬಳಸುವುದರಲ್ಲಿ ದೋಷವಿಲ್ಲ. ಅದು ಅಂದಾಜೆಂಬುದನ್ನೇ ಮರೆತಾಗ ಮಾತ್ರ ಅಳತೆ ದಾರಿ ತಪ್ಪುತ್ತದೆ.